ಹೆಣ್ಮಕ್ಕಳ ಪ್ರೈವೇಟ್ ಸ್ಕೂಲಿಗೆ ಮಗಳ್ನ ಹಾಕೋ ಮುಂಚೆ ಯಾರ್ನ ಕೇಳಬೇಕು, ಏನ್ ಕೇಳಬೇಕು (ಬಳ್ಳಾರಿ ಕಡೆಯವ್ರಿಗೆ)

ಏಪ್ರಿಲ್ ಬಂತಂದ್ರ ಬಳ್ಳಾರ್ಯಾಗ ಕಂಬಕ್ಕೊಂದು ಅಡ್ಮಿಶನ್ ಬ್ಯಾನರ್ ಬೀಳ್ತಾವು, ಎಲ್ಲಾದ್ರಾಗೂ ಅದೇ ಸ್ಮಾರ್ಟ್ ಕ್ಲಾಸು, ಸಿಸಿಟಿವಿ, ನೂರಕ್ಕೆ ನೂರು ರಿಸಲ್ಟು, ಅದರಿಂದ ಏನೂ ತಿಳಿಯಂಗಿಲ್ಲ. ಖರೇ ಸುದ್ದಿ ಗೊತ್ತಿರೋದು ಅಲ್ಲಿ ಓದೋ ಹುಡುಗ್ಯಾರಿಗೆ, ಅವ್ರ ತಾಯಂದಿರಿಗೆ. ಆದ್ರ ಅವ್ರ ಹತ್ರ ಹೋಗಿ "ಸ್ಕೂಲ್ ಹೆಂಗೈತ್ರಿ ಅಕ್ಕ" ಅಂದ್ರ "ಚೊಲೋ ಐತ್ರಿ" ಅಂತಾರ ಅಷ್ಟೇ, ಯಾಕಂದ್ರ ಸಾಲ ಮಾಡಿ ಫೀಜು ಕಟ್ಟಿದವ್ರು ನಾವು ಹಾಕಿದ ಸ್ಕೂಲ್ ಸರಿಯಿಲ್ಲ ಅಂತ ಹೆಂಗ ಹೇಳ್ತಾರ. ಹಂಗಾಗಿ ಒಂದೊಂದೇ ಸಣ್ಣ ವಿಷಯ ಹಿಡಿದು ಕೇಳಬೇಕು.

ಮೊದ್ಲು ಯಾರ್ನ ಕೇಳಬೇಕು ಅನ್ನೋದು. ಟಾಪರ್ ಹುಡುಗಿ ಅಪ್ಪನ್ನ ಬಿಡ್ರಿ, ಅವ್ರಿಗೆ ಸ್ಕೂಲಿನವ್ರು ಸ್ಟೇಜಿಗೆ ಕರೆದು ಶಾಲು ಹೊದಿಸಿರ್ತಾರ. ನಡುವಿನ ಬೆಂಚಿನ್ಯಾಗ ಕೂಡೋ, ಅರವತ್ತು ಪರ್ಸೆಂಟ್ ತೆಗೆಯೋ ಹುಡುಗಿ ತಾಯಿನ್ನ ಹುಡುಕ್ರಿ. ಅಪ್ಪಂದಿರಿಗೆ ಫೀಜಿನ ಲೆಕ್ಕ ಗೊತ್ತಿರ್ತೈತಿ, ಮಗಳು ಯಾಕ ಡಬ್ಬಿ ತಿನ್ನದೇ ವಾಪಸ್ ತಂದ್ಲು ಅನ್ನೋದು ತಾಯಿಗೆ, ಇಲ್ಲಂದ್ರ ಅಜ್ಜಿಗೆ ಗೊತ್ತಿರ್ತೈತಿ. ಸಂಜಿಕಡೆ ಸ್ಕೂಲ್ ಬಿಡೋ ಹೊತ್ತಿಗೆ ಗೇಟಿನ ಮುಂದ ನಿಂತ್ರ ನಾಲ್ಕು ಮಂದಿ ಸಿಗ್ತಾರ, ಆಟೋದವ್ರೂ ಬಾಳ ಹೇಳ್ತಾರ. ಆಮೇಲೆ ಟಿಸಿ ತಗೊಂಡು ಬಿಟ್ಟು ಹೋದವ್ರು, ಅವ್ರನ್ನ ಯಾರೂ ಕೇಳಂಗಿಲ್ಲ, ನೀವು ಕೇಳ್ರಿ. ಯಾಕ ಬಿಟ್ರಿ, ಟಿಸಿ ಕೊಡಾಕ ಎಷ್ಟು ಅಡ್ಡಾಡಿಸಿದ್ರು, ಬಾಕಿ ಫೀಜು ಅಂತ ಹಿಡಕೊಂಡ್ರೇನು. ಆರ್‌ಟಿಇ (ಮಕ್ಕಳ ಶಿಕ್ಷಣದ ಹಕ್ಕಿನ) ಕಾಯ್ದೆ 5ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸ್ ತನಕ ಟಿಸಿ ಕೇಳಿದ ಕೂಡ್ಲೇ ಕೊಡಬೇಕು, ಟಿಸಿ ಬರೋದು ತಡ ಆಯ್ತು ಅಂತ ಸರ್ಕಾರಿ, ಅನುದಾನಿತ ಸ್ಕೂಲಿನವ್ರು ಅಡ್ಮಿಶನ್ ಇಲ್ಲ ಅನ್ನಂಗಿಲ್ಲ.

ಹುಡುಗ್ಯಾರ ಜತಿ ಮಾತಾಡೋವಾಗ ಅವ್ರ ತಾಯಿ ಪಕ್ಕದಾಗೇ ಇರ್ಲಿ, ಟೀಚರ್ ಇರಬಾರ್ದು. ಎಂಟನೇ ಒಂಬತ್ತನೇ ಕ್ಲಾಸಿನವ್ರು ಬಾಯಿ ಬಿಟ್ಟು ಹೇಳ್ತಾರ, ಹತ್ತನೇ ಕ್ಲಾಸಿನವ್ರಿಗೆ ಇಂಟರ್ನಲ್ ಮಾರ್ಕ್ಸ್ ಭಯ. "ಟೀಚರ್ ಹೊಡೀತಾರಾ" ಅಂತ ನೇರಾ ಕೇಳಿದ್ರ ಇಲ್ಲ ಅಂತಾರ, "ಹೋಂವರ್ಕ್ ಮಾಡದೇ ಹೋದ್ರ ಏನ್ ಆಗ್ತೈತಿ ಪುಟ್ಟಿ" ಅಂತ ಕೇಳ್ರಿ, ಅವರೇ ಎಲ್ಲಾ ಹೇಳ್ತಾರ.

ಈಗ ಎಲ್ಲಕ್ಕಿಂತ ಮುಖ್ಯದ್ದು, ಟಾಯ್ಲೆಟ್ಟು. ನಾಚಿಕೊಂಡು ಇದನ್ನ ಕೇಳದೇ ಬರ್ತೀವಿ ಆದ್ರ ಹೆಣ್ಮಕ್ಕಳ ಸ್ಕೂಲಿನ್ಯಾಗ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಹುಡುಗಿಗೆ ಕೇಳ್ರಿ, ವಾಟರ್ ಬಾಟಲಿ ಸಂಜಿಗೆ ಖಾಲಿ ಬರ್ತೈತೋ ತುಂಬಿದ್ದು ತುಂಬಿದಂಗೇ ಬರ್ತೈತೋ ಅಂತ. ಬಾಳ ಸ್ಕೂಲಿನ್ಯಾಗ ಹುಡುಗ್ಯಾರು ಟಾಯ್ಲೆಟ್ಟಿಗೆ ಹೋಗಬೇಕಾಗ್ತೈತಿ ಅಂತ ನೀರೇ ಕುಡಿಯಂಗಿಲ್ಲ, ಬಳ್ಳಾರಿ ರಾಯಚೂರು ಬಿಸಿಲು ನಲವತ್ತು ದಾಟಿರ್ತೈತಿ, ಆ ಬಿಸಿಲಾಗ ದಿನಾ ಹಿಂಗ ಮಾಡಿದ್ರ ತಲಿನೋವು, ಉರಿಮೂತ್ರ ಎಲ್ಲಾ ಶುರು ಆಗ್ತಾವು. ಚಿಲಕ ಐತಾ, ನಲ್ಯಾಗ ನೀರು ಬರ್ತೈತಾ, ಕ್ಲಾಸ್ ನಡುವೆ ಕೇಳಿದ್ರ ಬಿಡ್ತಾರಾ, ಇಲ್ಲಾ ಎಲ್ಲರ ಮುಂದ "ಈಗ ತಾನೆ ಇಂಟರ್ವಲ್ ಆಗೈತಲ್ಲ" ಅಂತ ಅಂತಾರಾ. ಮುಟ್ಟು ಆದಾಗ ಪ್ಯಾಡ್ ಯಾರ ಹತ್ರ ಕೇಳಬೇಕು, ಬಳಸಿದ್ದು ಹಾಕಾಕ ಮುಚ್ಚಳ ಇರೋ ಡಬ್ಬಿ ಐತಾ. ಸರ್ಕಾರದ ಶುಚಿ ಯೋಜನೆ ಪ್ಯಾಡು ಸರ್ಕಾರಿ ಮತ್ತ ಅನುದಾನಿತ ಶಾಲೆಗಳಿಗೆ, ಫೀಜು ತಗೊಂಡು ನಡೆಸೋ ಪ್ರೈವೇಟ್ ಸ್ಕೂಲು ತಾನೇ ಇಟ್ಟಿರಬೇಕು. ಸ್ಕೂಲ್ ನೋಡಾಕ ಹೋದಾಗ ಆಫೀಸ್ ರೂಮಿನ ಪಕ್ಕದ ಟಾಯ್ಲೆಟ್ ತೋರಿಸ್ತಾರ, ಅದಲ್ಲ, ಹುಡುಗ್ಯಾರು ಹೋಗೋದು ತೋರಿಸ್ರಿ ಅನ್ರಿ. ಮಧ್ಯಾಹ್ನ ಊಟ ಆದ ಮ್ಯಾಲೆ ಹೋಗಿ ನೋಡ್ರಿ, ಬೆಳಿಗ್ಗೆ ಎಲ್ಲಾ ಸ್ಕೂಲಿನ್ಯಾಗೂ ತೊಳೆದಿರ್ತಾರ.

ಕುಡಿಯೋ ನೀರಂತೂ ಬಿಡಬ್ಯಾಡ್ರಿ. ನಮ್ಮ ಬಳ್ಳಾರಿ ರಾಯಚೂರು ಕಡೆ ಬೋರ್ ನೀರಿನ್ಯಾಗ ಫ್ಲೋರೈಡ್ ಇರೋ ಊರು ಬಾಳ ಅದಾವು, 2022ರಾಗ ರಾಯಚೂರು ಸಿಟಿಯಾಗ ನಲ್ಲಿ ನೀರು ಕುಡಿದು ವಾಂತಿಭೇದಿಯಿಂದ ಜೀವಾನೇ ಹೋದ್ವು. ಫಿಲ್ಟರ್ ಐತಿ ಅಂದ್ರ ಸಾಲದು, ಲಾಸ್ಟ್ ಸರ್ವಿಸ್ ಯಾವಾಗ ಆಯ್ತು ಅಂತ ಕೇಳ್ರಿ.

ಇನ್ನು ಟೀಚರ್ ಬಾಯಿ. ಬರೇ ಹೆಣ್ಮಕ್ಕಳೇ ಇರೋ ಸ್ಕೂಲು ಅಂದ್ರ ಸೇಫು ಅಂತ ನಾವು ಕಣ್ಣು ಮುಚ್ಚಿ ಹಾಕ್ತೀವಿ, ಖರೇನೂ ಬಾಳ ಛಲೋದು ಐತಿ, ಬೆಂಚು ಎತ್ತೋದರಿಂದ ಹಿಡಿದು ಸೈನ್ಸ್ ಮಾಡೆಲ್ ತನಕ ಎಲ್ಲಾ ಹುಡುಗ್ಯಾರೇ ಮಾಡ್ತಾರ, ಡೌಟ್ ಕೇಳಾಕ ಅಂಜಂಗಿಲ್ಲ, ಕಬಡ್ಡಿ ಆಡಾಕ ಗ್ರೌಂಡ್ ಪೂರ್ತಿ ಅವ್ರದೇ. ನಮ್ಮ ಮನಿ ಹುಡುಗಿ ನಾಲ್ಕು ಮಂದಿ ಮುಂದ ಮಾತಾಡಾಕ ಕಲಿತಿದ್ದೇ ಅಂಥ ಸ್ಕೂಲಿನ್ಯಾಗ. ಆದ್ರ ಕೆಲವು ಕಡೆ ಶಿಸ್ತು ಅನ್ನೋ ಹೆಸರಾಗ ಹುಡುಗಿ ಜಡಿ, ಬಳಿ, ಬಣ್ಣ, ನಗೋದು, ಎಲ್ಲಾದಕ್ಕೂ ಒಂದೊಂದು ಮಾತು ಅಂತಾರ, "ನಿಮ್ಮಪ್ಪ ಅಮ್ಮ ಇದೇ ಕಲಿಸ್ಯಾರೇನು" ಅಂತ. ಬೆತ್ತದ ಏಟು ಎರಡು ದಿನಕ್ಕೆ ಮಾಯ್ತೈತಿ, ಈ ಮಾತು ಹುಡುಗಿ ಮನಸಿನ್ಯಾಗ ಕೂತುಬಿಡ್ತೈತಿ. ಆರ್‌ಟಿಇ 17ನೇ ಸೆಕ್ಷನ್ನಿನ್ಯಾಗ ಹೊಡೆಯೋದು ಅಷ್ಟೇ ಅಲ್ಲ, ಮಾನಸಿಕ ಕಿರುಕುಳಾನೂ ಮಾಡಬಾರ್ದು ಅಂತ ಐತಿ. ಫೀಜು ತಡ ಆದ್ರ ಹುಡುಗಿನ್ನ ಎದ್ದು ನಿಲ್ಲಿಸ್ತಾರಾ, ಜಾತಿ ಧರ್ಮ ಹಿಡಿದು ಕರೀತಾರಾ, ಮನ್ಯಾಗ ತೆಲುಗು ಉರ್ದು ಮಾತಾಡೋ ಹುಡುಗ್ಯಾರನ್ನ ಕನ್ನಡ ಇಂಗ್ಲಿಷ್ ಬರಂಗಿಲ್ಲ ಅಂತ ನಗ್ತಾರಾ, ಇದನ್ನೆಲ್ಲಾ ಆ ಹುಡುಗ್ಯಾರನ್ನೇ ಕೇಳಬೇಕು.

ರಿಸಲ್ಟ್ ಬಗ್ಗೆ ಒಂದೇ ಪ್ರಶ್ನೆ ಸಾಕು, ಎಂಟನೇ ಕ್ಲಾಸಿನ್ಯಾಗ ಎಷ್ಟು ಮಂದಿ ಇದ್ರು, ಅದೇ ಬ್ಯಾಚಿನ್ಯಾಗ ಎಸ್ಸೆಸ್ಸೆಲ್ಸಿ ಬರೆದವ್ರು ಎಷ್ಟು. ಒಂಬತ್ತನೇ ಕ್ಲಾಸಿನ್ಯಾಗ ವೀಕ್ ಇದ್ದವ್ರಿಗೆ ಟಿಸಿ ಕೊಟ್ಟು ಕಳಿಸಿದ್ರ ನೂರಕ್ಕೆ ನೂರು ಬಂದೇ ಬರ್ತೈತಿ. ಆಮೇಲೆ, ಹತ್ತನೇದು ಮುಗಿಸಿದ ಹುಡುಗ್ಯಾರು ಎಲ್ಲಿ ಅದಾರ ಈಗ, ಪಿಯುಸಿ ಸೈನ್ಸಿಗೆ ಎಷ್ಟು ಮಂದಿ ಹೋದ್ರು, ಓದು ಬಿಡಿಸಿ ಮದುವಿ ಮಾಡಿದ್ದು ಎಷ್ಟು. ನಮ್ಮ ಕಡೆ ಹದಿನೆಂಟು ತುಂಬೋ ಮುಂಚೆನೇ ಮದುವಿ ಮಾಡೋದು ಇನ್ನೂ ನಿಂತಿಲ್ಲ. ಹುಡುಗಿ ನಾಲ್ಕು ದಿನ ಬರಲಿಲ್ಲಂದ್ರ ಮನಿಗೆ ಫೋನ್ ಮಾಡಿ ಯಾಕ ಅಂತ ಕೇಳೋ ಸ್ಕೂಲು ಸಿಕ್ಕರ, ಬಿಲ್ಡಿಂಗ್ ಹಳೇದಿದ್ರೂ ನಾನಂತೂ ಅಲ್ಲಿಗೇ ಹಾಕ್ತೀನಿ.

ಕಾಗದ ಪತ್ರದ್ದು ಬೇಗ ಹೇಳಿಬಿಡ್ತೀನಿ. ಸ್ಕೂಲಿನ 11 ಅಂಕಿ ಯುಡೈಸ್ ಕೋಡ್ (ಪ್ರತಿ ಸ್ಕೂಲಿಗೂ ಸರ್ಕಾರದ ಲೆಕ್ಕದಾಗ ಇರೋ ನಂಬರು) ಇಸ್ಕೊಳ್ರಿ, ನಮ್ಮ ರಾಜ್ಯದ್ದು 29ರಿಂದ ಶುರು ಆಗ್ತೈತಿ, ನೆಟ್ಟಿನ್ಯಾಗ ಹಾಕಿದ್ರ ಟೀಚರ್ ಎಷ್ಟು, ಟಾಯ್ಲೆಟ್ ಎಷ್ಟು ಅಂತ ಸ್ಕೂಲಿನವ್ರೇ ಕೊಟ್ಟ ಲೆಕ್ಕ ಕಾಣ್ತೈತಿ, ಹುಡುಗ್ಯಾರು ಹೇಳಿದ್ದಕ್ಕೂ ಅದಕ್ಕೂ ತಾಳೆ ಆಗ್ತೈತಾ ನೋಡ್ರಿ. ಮಾನ್ಯತೆ ಎಷ್ಟನೇ ಕ್ಲಾಸ್ ತನಕ ಐತಿ ಅಂತ ಬಿಇಓ (ತಾಲ್ಲೂಕಿನ ಶಿಕ್ಷಣ ಅಧಿಕಾರಿ) ಆಫೀಸಿನ್ಯಾಗ ಕೇಳ್ರಿ, ಸಿಬಿಎಸ್‌ಇ ಅಂತ ಹೇಳಿದ್ರ ಸ್ಕೂಲಿನ ವೆಬ್‌ಸೈಟಿನ್ಯಾಗ ಫೀಜು, ಟೀಚರ್ ವಿವರ ಎಲ್ಲಾ ಹಾಕಿರಲೇಬೇಕು. ಡೊನೇಶನ್ ಕೇಳೋದು, ಸಣ್ಣ ಹುಡುಗಿಗೆ ಎಂಟ್ರೆನ್ಸ್, ತಾಯಿತಂದಿಗೆ ಇಂಟರ್ವ್ಯೂ ಮಾಡೋದು ಆರ್‌ಟಿಇ 13ನೇ ಸೆಕ್ಷನ್ ಪ್ರಕಾರ ತಪ್ಪು. ಒಂದು ನೆನಪಿಡ್ರಿ, 2014ರ ಸುಪ್ರೀಂ ಕೋರ್ಟ್ ತೀರ್ಪಿನ ಮ್ಯಾಲೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆರ್‌ಟಿಇ ಹತ್ತಂಗಿಲ್ಲ, ಹೆಣ್ಮಕ್ಕಳ ಸ್ಕೂಲಿನ್ಯಾಗ ಕಾನ್ವೆಂಟುಗಳು ಬಾಳ ಇರೋದಕ್ಕ ಇದನ್ನ ಮೊದ್ಲೇ ತಿಳಕೊಂಡಿರಬೇಕು.

ಕುರುಗೋಡು, ಮೋಕಾ, ಕುಡಿತಿನಿ ಕಡೆಯಿಂದ ಬರೋರು ವ್ಯಾನಿನವ್ರು ಎಷ್ಟು ಮಕ್ಕಳನ್ನ ತುಂಬತಾರ, ಕೊನೀಗೆ ಇಳಿಯೋ ಹುಡುಗಿ ಒಬ್ಬಾಕಿನೇ ಇರ್ತಾಳೇನು, ಜತಿಗೆ ಆಯಾ ಇರ್ತಾಳಾ ಅಂತ ಕೇಳ್ರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಾಗ ಕಲ್ಯಾಣ ಕರ್ನಾಟಕ ಸಾರಿಗೆಯ ಆರ್ಡಿನರಿ ಬಸ್ಸು ಹುಡುಗ್ಯಾರಿಗೂ ಫ್ರೀ, ದೊಡ್ಡ ಹುಡುಗ್ಯಾರು ನಾಲ್ಕೈದು ಮಂದಿ ಜತಿ ಬರೋ ಹಂಗಿದ್ರ ವ್ಯಾನಿನ ದುಡ್ಡು ಉಳಿತೈತಿ.

ಕೇಳಿದ್ದನ್ನೆಲ್ಲಾ ನಂಬಬೇಕಂತಲ್ಲ. ಒಬ್ಬರು ಸಿಟ್ಟಿಗೆ ಹೇಳಿದ್ದು ಬೇರೆ, ಒಬ್ಬರಿಗೊಬ್ಬರು ಪರಿಚಯ ಇಲ್ಲದ ಮೂರು ಮಂದಿ ಅದೇ ಮಾತು ಹೇಳಿದ್ದು ಬೇರೆ. ಯಾವ ವರ್ಷದ ಮಾತು ಅಂತಾನೂ ಕೇಳ್ರಿ, ಹೆಡ್‌ಮೇಡಂ ಬದಲಾದ್ರ ಸ್ಕೂಲೇ ಬದಲಾಗ್ತೈತಿ.

ಸೇರಿಸಿದ ಮ್ಯಾಲೆ ತೊಂದ್ರಿ ಬಂತಂದ್ರ ಬಾಯಾಗ ಹೇಳಿ ಬರಬ್ಯಾಡ್ರಿ, ಹೆಡ್‌ಮೇಡಂಗೆ ಅರ್ಜಿ ಬರೆದು ಇನ್ನೊಂದು ಕಾಪಿ ಮ್ಯಾಲೆ ಸೀಲ್ ಹಾಕಿಸ್ಕೊಳ್ರಿ, ಕೇಳದಿದ್ರ ಬಿಇಓ, ಅಲ್ಲೂ ಆಗದಿದ್ರ ಜಿಲ್ಲಾ ಶಿಕ್ಷಣ ಅಧಿಕಾರಿ ಡಿಡಿಪಿಐ. ಆದ್ರ ಯಾರಾದ್ರೂ ಹುಡುಗಿ ಮೈ ಮುಟ್ಟಿದ ವಿಷಯ ಇದ್ರ ಆಫೀಸ್ ರೂಮಿನ ರಾಜಿ ಪಂಚಾಯ್ತಿಗೆ ಕೂಡಬ್ಯಾಡ್ರಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ರಿ ಇಲ್ಲಾ ಸೀದಾ ಪೊಲೀಸ್ ಸ್ಟೇಶನ್ನಿಗೆ ಹೋಗ್ರಿ. ಮಕ್ಕಳನ್ನ ಲೈಂಗಿಕ ಕಿರುಕುಳದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ಮುಚ್ಚಿಟ್ಟ ಸ್ಕೂಲಿನವ್ರಿಗೂ ಶಿಕ್ಷೆ ಐತಿ, ಇದಕ್ಕ ಕಾನ್ವೆಂಟು, ಪ್ರೈವೇಟು ಅಂತ ವಿನಾಯ್ತಿ ಇಲ್ಲ. ಮತ್ತ ಆ ಹುಡುಗಿ ಹೆಸರು, ಫೋಟೋ, ಕ್ಲಾಸು ಯಾವುದನ್ನೂ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಹಾಕಬ್ಯಾಡ್ರಿ, ಬೇರೆಯವ್ರು ಹಾಕಿದ್ರ ಡಿಲೀಟ್ ಮಾಡಿಸ್ರಿ, ನಾಳೆ ಆಕಿ ಅದೇ ಕ್ಲಾಸಿನ್ಯಾಗ ಕೂತು ಓದಬೇಕಲ್ಲ.