ಲೇತ್ ಕೆಲಸದವನ ಕೈಗೆ ಬಂದ ಸಣ್ಣ ಸೆಬೆಂಝಾ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ದಾಲ್ ಮಿಲ್ಲುಗಳಿಗೆ ಬೇಕಾಗುವ ಶಾಫ್ಟು, ಬುಷ್ಷು, ಪುಲ್ಲಿಗಳನ್ನು ಲೇತಿನಲ್ಲಿ ತಯಾರಿಸುವುದು ನನ್ನ ಉದ್ಯೋಗ. ಹೀಗಾಗಿ ಲೋಹದ ಯಾವ ವಸ್ತು ಕೈಗೆ ಬಂದರೂ ಅದರ ಅಂದಕ್ಕಿಂತ ಮೊದಲು ಎರಡು ಭಾಗಗಳು ಕೂಡುವ ಜಾಗದ ಮೇಲೆ ನನ್ನ ಕಣ್ಣು ಹೋಗುತ್ತದೆ. ಅಮೆರಿಕದಲ್ಲಿರುವ ಸೋದರಳಿಯ ಊರಿಗೆ ಬರುವಾಗ ನನಗಾಗಿ ತಂದುಕೊಟ್ಟ ಸಣ್ಣ ಸೆಬೆಂಝಾ 31 ಎಂಬ ಮಡಿಸುವ ಚಾಕುವನ್ನೂ ನಾನು ನೋಡಿದ್ದು ಇದೇ ಕಣ್ಣಿನಿಂದ.

ಇದನ್ನು ತಯಾರಿಸುವ ಕಾರ್ಖಾನೆ ಅಮೆರಿಕದ ಐಡಹೊ ರಾಜ್ಯದ ಬಾಯ್ಸಿ ನಗರದಲ್ಲಿದೆ. ದಕ್ಷಿಣ ಆಫ್ರಿಕಾದಿಂದ 1989ರಲ್ಲಿ ಅಲ್ಲಿಗೆ ಹೋಗಿ ನೆಲೆಸಿದ ಕ್ರಿಸ್ ರೀವ್ 1990ರ ದಶಕದ ಆರಂಭದಲ್ಲಿ ಸೆಬೆಂಝಾವನ್ನು ಮಾರುಕಟ್ಟೆಗೆ ತಂದರು. ಮಾದರಿಯ ಸಂಖ್ಯೆ ಬದಲಾಗುತ್ತ ಬಂದಿದ್ದರೂ ಮೂಲ ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ. ಪೆಟ್ಟಿಗೆ ತೆರೆದಾಗ ಕಂಡದ್ದು ಥಳಕುಬಳಕಿಲ್ಲದ ಬೂದುಬಣ್ಣದ ಒಂದು ತುಂಡು. ನಮ್ಮ ಹಿರಿಯ ಟರ್ನರ್ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಬೆಲೆ ಕೇಳಿದವರೇ "ಇಷ್ಟ್ ಸಣ್ಣ ಚಾಕುಕ್ಕ ಅಷ್ಟ್ ರೊಕ್ಕ ಯಾಕ್ರಿ ಅಣ್ಣಾರ?" ಎಂದರು. ಅಲ್ಲಿನ ಬೆಲೆಯೇ 350 ಡಾಲರಿಗೂ ಮೇಲಿರುವಾಗ ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ಉತ್ತರದ ಒಂದು ಭಾಗ ಹಿಡಿಕೆಯಲ್ಲೇ ಇದೆ. ಅಲಗಿನ ಉದ್ದ ಸುಮಾರು 76 ಮಿಲಿಮೀಟರು, ಬೆನ್ನಿನ ದಪ್ಪ 3 ಮಿಲಿಮೀಟರು, ಇಡೀ ಚಾಕುವಿನ ತೂಕ 85 ಗ್ರಾಮಿನಷ್ಟು. ಹಿಡಿಕೆಯ ಎರಡೂ ಪಕ್ಕಗಳು ಶೇ. 6ರಷ್ಟು ಅಲ್ಯೂಮಿನಿಯಂ ಹಾಗೂ ಶೇ. 4ರಷ್ಟು ವನಾಡಿಯಂ ಬೆರೆತ ಟೈಟಾನಿಯಂ ಮಿಶ್ರಲೋಹದವು. ಉಕ್ಕಿನ ತೂಕದ ಅರ್ಧಕ್ಕಿಂತ ತುಸು ಹೆಚ್ಚು ತೂಗುವ ಈ ಲೋಹವನ್ನು ಕತ್ತರಿಸುವ ಕಷ್ಟ ಲೇತಿನ ಮುಂದೆ ನಿಂತವರಿಗೇ ಗೊತ್ತು. ಹುಟ್ಟಿದ ಶಾಖವನ್ನು ಅದು ಬೇಗ ಸಾಗಿಸದ ಕಾರಣ ಬಿಸಿಯೆಲ್ಲ ಟೂಲಿನ ಮೂತಿಯಲ್ಲೇ ಕೂತು ಅದನ್ನು ತಿಂದುಹಾಕುತ್ತದೆ. ಅಂಥ ಲೋಹದ ಎರಡು ಪಕ್ಕಗಳನ್ನು ಎಲ್ಲಿಯೂ ಉಗುರಿಗೆ ಏಣು ತಗಲದಂತೆ, ಅಲಗು ಮಡಿಸಿದಾಗ ಎರಡರ ನಟ್ಟನಡುವೆ ಬಂದು ಕೂರುವಂತೆ ಜೋಡಿಸಿರುವುದು ಸಣ್ಣ ಕೆಲಸವಲ್ಲ.

ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಲಾಕು. ಅಲಗು ಪೂರ್ತಿ ತೆರೆದೊಡನೆ, ಹಿಡಿಕೆಯ ಒಂದು ಪಕ್ಕದಲ್ಲಿ ಉದ್ದಕ್ಕೆ ಸೀಳಿ ಬಿಟ್ಟ ಪಟ್ಟಿ ತನ್ನ ಸ್ಪ್ರಿಂಗ್ ಬಲದಿಂದಲೇ ಒಳಕ್ಕೆ ಸರಿದು ಅಲಗಿನ ಬುಡಕ್ಕೆ ಆತು ನಿಲ್ಲುತ್ತದೆ. ಗಟ್ಟಿಯಾಗಿ ಹಿಡಿದಷ್ಟೂ ನಮ್ಮ ಬೆರಳುಗಳೇ ಆ ಪಟ್ಟಿಯನ್ನು ಒಳಕ್ಕೆ ಒತ್ತುವುದರಿಂದ ಲಾಕು ಇನ್ನಷ್ಟು ಭದ್ರವಾಗುತ್ತದೆ. ಈ ಏರ್ಪಾಡು ರೀವ್ ಅವರದೇ ಕಾಣಿಕೆ. ಇಂದು ಹಲವು ತಯಾರಕರು ಇದನ್ನು ಬಳಸುತ್ತಾರೆ. ಆದರೆ ಮೆತ್ತಗಿನ ಟೈಟಾನಿಯಂ ಗಡಸು ಉಕ್ಕಿಗೆ ಪದೇ ಪದೇ ಉಜ್ಜಿದರೆ ಸವೆಯುತ್ತದೆ, ಒಮ್ಮೊಮ್ಮೆ ಕಚ್ಚಿಕೊಳ್ಳುತ್ತದೆ. ಅದಕ್ಕಾಗಿ 31ರಲ್ಲಿ ಪಟ್ಟಿಯ ತುದಿಗೆ ಸೆರಾಮಿಕ್ಕಿನ ಪುಟ್ಟ ಗುಂಡನ್ನು ಕೂರಿಸಿ, ಉಕ್ಕಿಗೆ ತಾಗುವ ಕೆಲಸವನ್ನು ಅದಕ್ಕೆ ವಹಿಸಿದ್ದಾರೆ. ಮಡಿಸಿದ ಅಲಗು ತಾನಾಗಿ ತೆರೆಯದಂತೆ ತಡೆಯುವುದೂ ಅದೇ ಗುಂಡು. ಅಲಗಿನ ಮೊನೆ ಹಿಡಿದು ನಾಲ್ಕೂ ದಿಕ್ಕಿಗೆ ಅಲುಗಿಸಿದೆ. ಕೂದಲೆಳೆಯಷ್ಟೂ ಆಟ ಸಿಗಲಿಲ್ಲ.

ಹೆಬ್ಬೆರಳಿನಿಂದ ತೆರೆಯುವಾಗ ಅಲಗು ತುಸು ಬಿಗಿಯಾಗಿ, ಒಂದೇ ವೇಗದಲ್ಲಿ ಸರಿಯುತ್ತದೆ. ಬಾಲ್ ಬೇರಿಂಗಿನ ಚಾಕುಗಳಂತೆ ಚಿಟಿಕೆ ಹೊಡೆಯುವಷ್ಟರಲ್ಲಿ ಬಿಚ್ಚಿಕೊಳ್ಳಬೇಕೆಂದು ಬಯಸುವವರಿಗೆ ಇದು ಹಿಡಿಸಲಾರದು, ನನಗೆ ಹಿಡಿಸಿತು. ಜೊತೆಗೆ ಬಂದಿದ್ದ ಅಲೆನ್ ಕೀಯಿಂದ ಸ್ಕ್ರೂ ಬಿಚ್ಚಿ ನೋಡಿದರೆ, ಅಲಗಿನ ಎರಡೂ ಬದಿಗೆ ತೂತು ಕೊರೆದ ಫಾಸ್ಫರ್ ಬ್ರಾಂಜ್ ವಾಷರುಗಳಿವೆ, ಆ ತೂತುಗಳಲ್ಲಿ ಗ್ರೀಸು ನಿಲ್ಲುತ್ತದೆ. ಬಳಸುವವನೇ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಲಿ ಎಂದೇ ಕೀಯ ಜೊತೆಗೆ ಗ್ರೀಸಿನ ಪುಟ್ಟ ಟ್ಯೂಬನ್ನೂ ಕೊಡುತ್ತಾರೆ. ತೊಗರಿ ಹೊಟ್ಟಿನ ಪುಡಿ ಗಾಳಿಯಲ್ಲೇ ತೇಲುವ ಮಿಲ್ಲಿನೊಳಗೆ ಬೇರಿಂಗಿಗೆ ಧೂಳು ಹೊಕ್ಕರೆ ಏನಾಗುತ್ತದೆ ಎಂಬುದನ್ನು ನಿತ್ಯ ನೋಡುವ ನನಗೆ, ಈ ಊರಿನ ಹವೆಗೆ ಸಪಾಟು ವಾಷರೇ ಸರಿ ಎನಿಸುತ್ತದೆ.

ಕೆಲಸಕ್ಕೆ ಹಚ್ಚಿದ್ದು ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ಚೀಲಗಳ ಮೇಲೆ. ಬಾಯಿ ಹೊಲಿದ ಸುತಳಿಯನ್ನು ಮೊನೆಯಿಂದ ಎತ್ತಿ ಎಳೆದರೆ ಸಾಕು, ಗೋಣಿಯ ಎಳೆ ಕೀಳದೆ ಸುತಳಿ ಮಾತ್ರ ಕಡಿಯುತ್ತದೆ. ಅಲಗಿನ ಕೆನ್ನೆಗಳನ್ನು ಒಳಬಾಗುವಂತೆ ಸಾಣೆ ಹಿಡಿದಿರುವುದರಿಂದ ಅಂಚಿನ ಹಿಂಭಾಗ ತೆಳ್ಳಗಿದೆ, ಈ ಸಲೀಸಿಗೆ ಅದೇ ಕಾರಣ. ಅದೇ ಕಾರಣಕ್ಕೆ ಡಬ್ಬದ ಮುಚ್ಚಳ ಮೀಟುವುದಕ್ಕೆ ಇದನ್ನು ಯಾರಿಗೂ ಕೊಡುವುದಿಲ್ಲ. ರಬ್ಬರ್ ಗ್ಯಾಸ್ಕೆಟ್ ಚೆನ್ನಾಗಿ ಕತ್ತರಿಸಿತು. ಗಟ್ಟಿ ವಿ-ಬೆಲ್ಟಿಗೆ ನಮ್ಮ ಹ್ಯಾಕ್‌ಸಾ ಬ್ಲೇಡೇ ವಾಸಿ.

ಅಲಗಿನ ಉಕ್ಕು ಎಸ್45ವಿಎನ್. ಲೋಹದ ಪುಡಿಯನ್ನು ಒತ್ತಿ ತಯಾರಿಸುವ ಈ ಉಕ್ಕಿನಲ್ಲಿ ಶೇ. 16ರಷ್ಟು ಕ್ರೋಮಿಯಂ ಇರುವುದರಿಂದ ಬೆವರು ಸುರಿಯುವ ಬೇಸಿಗೆಯಲ್ಲೂ ಸುಲಭಕ್ಕೆ ತುಕ್ಕು ಹಿಡಿಯದು. ಶೇ. 3ರಷ್ಟಿರುವ ವನಾಡಿಯಂನಿಂದ ಹುಟ್ಟುವ ಕಾರ್ಬೈಡ್ ಕಣಗಳು ಹರಿತವನ್ನು ಉಳಿಸುತ್ತವೆಯಾದರೂ, ಅವು ಮಾಮೂಲಿ ಸಾಣೆಕಲ್ಲಿಗಿಂತ ಗಡಸು. ಮಣ್ಣು ಮೆತ್ತಿದ ಗೋಣಿ ಎಂಥ ಅಂಚನ್ನಾದರೂ ಮೊಂಡು ಮಾಡುವುದರಿಂದ, ಕಾರ್ಬೈಡ್ ಟೂಲುಗಳಿಗೆಂದು ಇಟ್ಟುಕೊಂಡ ವಜ್ರದ ಪಟ್ಟಿಯ ಮೇಲೆ ಹಗುರವಾಗಿ ಎಳೆದು, ಬಳಿಕ ಚರ್ಮದ ಪಟ್ಟಿಗೆ ಉಜ್ಜುತ್ತೇನೆ.

ಕಾನೂನಿನ ಬಗ್ಗೆ ಕೇಳುವವರಿದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳು ಹರಿತ ಆಯುಧಗಳ ವರ್ಗಕ್ಕೆ ಹೇಳುವ ಅಳತೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು. ಇದು 3 ಇಂಚನ್ನೂ ದಾಟುವುದಿಲ್ಲ. ಆದರೂ ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ, ಲಗೇಜಿನಲ್ಲೇ ಕಳುಹಿಸಬೇಕು.

ಬರೀ ಸುತಳಿ ಕಡಿಯುವುದಾದರೆ ಐವತ್ತು ರೂಪಾಯಿಯ ಚಾಕು ಸಾಕೆಂದು ನಾನೂ ಹೇಳುತ್ತೇನೆ. ಅಳತೆಯ ಕೆಲಸದಲ್ಲಿ ಕೈ ಪಳಗಿದವರಿಗೆ ಮಾತ್ರ ಈ ಬೆಲೆ ಅರ್ಥವಾದೀತು. ಜೇಬಿಗೆ ಸಿಕ್ಕಿಸುವ ಕ್ಲಿಪ್ಪನ್ನು ಸದ್ಯ ಕಳಚಿಟ್ಟಿದ್ದೇನೆ, ಏಕೆಂದರೆ ಲೇತಿನಲ್ಲಿ ಲೋಹವನ್ನು ಹಿಡಿದು ತಿರುಗುವ ಚಕ್ಕಿನ ಮುಂದೆ ಬಾಗುವವನ ಮೈಮೇಲೆ ಹೊರಕ್ಕೆ ಚಾಚಿದ ಯಾವ ವಸ್ತುವೂ ಇರಕೂಡದು.