ಹೇಡನ್ ಹೇಳಿದ ಜೋಕು ಕೇಳುವುದು ಹೇಗೆ?

ಬೇಕಾಗಿರುವುದು ಒಂದು ಫೋನು, ಒಂದು ಸ್ಪೀಕರ್, ಏನೂ ಗೊತ್ತಿಲ್ಲದ ಒಬ್ಬ ಗೆಳೆಯ. ಆಸ್ಟ್ರಿಯಾದ ಸಂಗೀತ ಸಂಯೋಜಕ ಯೋಸೆಫ್ ಹೇಡನ್ 1781ರಲ್ಲಿ ಬರೆದ ಓಪಸ್ 33, ನಂಬರ್ 2 ಸ್ಟ್ರಿಂಗ್ ಕ್ವಾರ್ಟೆಟ್ ಹುಡುಕಿ. ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋ, ಅಷ್ಟೇ. ನೇರವಾಗಿ ನಾಲ್ಕನೇ ಭಾಗಕ್ಕೆ ಹೋಗಿ.

ಶುರುವಿನ ಧಾಟಿಯನ್ನು ಎರಡು ಮೂರು ಸಲ ಕೇಳಿ. ಗುನುಗುವಷ್ಟು ಬಾಯಿಗೆ ಬರಲಿ. ಇದನ್ನು ಬಿಟ್ಟರೆ ಜೋಕು ಕೆಟ್ಟಿತು. ನಾಲ್ಕು ಪುಟ್ಟ ತುಂಡುಗಳ ಕುಣಿಯುವ ಧಾಟಿ, ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುತ್ತದೆ.

ಕೊನೆಯ ಹತ್ತಿರ ಇದ್ದಕ್ಕಿದ್ದಂತೆ ಎಲ್ಲ ನಿಧಾನ, ಗಂಭೀರ. ಭಾಷಣ ಶುರುವಾಯಿತೇನೋ ಅನ್ನಿಸುತ್ತದೆ. ಆಮೇಲೆ ಧಾಟಿಯ ಮೊದಲ ತುಂಡು. ಮೌನ. ಎರಡನೇ ತುಂಡು. ಮೌನ. ಮೂರು. ಮತ್ತೆ ಮೌನ. ನಾಲ್ಕು. ಮುಗೀತು, ಅಲ್ವಾ? ನಾನೂ ಹಾಗೇ ಅಂದುಕೊಂಡು ಒಮ್ಮೆ ಕಛೇರಿಯಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದ್ದೆ. ಇಡೀ ಸಭಾಂಗಣದಲ್ಲಿ ನಾನೊಬ್ಬನೇ! ಉದ್ದದ ಮೌನದ ನಂತರ ಮೊದಲ ತುಂಡು ಮತ್ತೆ ಬಂತು, ಪಿಸುಮಾತಿನ ಹಾಗೆ. ಪಲ್ಲವಿ ಎತ್ತಿಕೊಂಡವರು ಎದ್ದೇ ಹೋದರು.

ಗೆಳೆಯನಿಗೆ ಕೇಳಿಸುವಾಗ ಫೋನನ್ನು ಮಗುಚಿಡಿ. ಇನ್ನೆಷ್ಟು ಸೆಕೆಂಡು ಉಳಿದಿದೆ ಅಂತ ಕಂಡರೆ ಗುಟ್ಟು ರಟ್ಟು. ಅವನ ಮುಖವನ್ನೇ ದಿಟ್ಟಿಸಬೇಡಿ, ಸುಮ್ನೆ ಕಾಫಿ ಕುಡಿಯುತ್ತಿರಿ. ಮುಂದಿನ ಹಾಡು ತಾನಾಗೇ ಶುರುವಾಗದಂತೆ ಆಟೋಪ್ಲೇ ಆಫ್ ಮಾಡಿರಿ.

ಅವನು ನಕ್ಕರೆ ಫ್ರೆಂಚ್ ಸಂಯೋಜಕ ಸೇನ್-ಸಾನ್ಸ್ 1886ರಲ್ಲಿ ಬರೆದ ‘ಪ್ರಾಣಿಗಳ ಮೆರವಣಿಗೆ’ಯಲ್ಲಿ (ಕಾರ್ನಿವಲ್ ಆಫ್ ದಿ ಅನಿಮಲ್ಸ್) ಆಮೆಗಳ ಭಾಗ ಹಾಕಿ. ಓಫೆನ್‌ಬಾಖ್ ಎಂಬ ಇನ್ನೊಬ್ಬ ಸಂಯೋಜಕನ ಧಡಬಡ ಕುಣಿತ ‘ಕ್ಯಾನ್-ಕ್ಯಾನ್’ ಅಲ್ಲಿ ತೆವಳುತ್ತದೆ. ಮೂಲವನ್ನು ಮೊದಲು ಕೇಳಿಸುವುದನ್ನು ಮಾತ್ರ ಮರೆಯಬೇಡಿ.