11 ಇಂಚಿನ ತಟ್ಟೆಯಿಂದ 9ಕ್ಕೆ ಇಳಿದೆ, ತೂಕವೂ ಇಳಿಯಿತು: ನನ್ನ ಅನುಭವ

ಸಣ್ಣ ತಟ್ಟೆಯಲ್ಲಿ ಉಂಡು ತೂಕ ಇಳಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಈ ವಿಷಯ ಸ್ವಲ್ಪ ಓದಿಕೊಂಡವರು ಇನ್ನೂ ಜೋರಾಗಿ ನಕ್ಕರು. ಅವರ ಹತ್ತಿರ ಕಾರಣವೂ ಇತ್ತು. ತಟ್ಟೆ, ಬಟ್ಟಲು ಸಣ್ಣದಾದರೆ ಕಣ್ಣು ಮೋಸ ಹೋಗಿ ಕಡಿಮೆ ತಿನ್ನುತ್ತೇವೆ ಅನ್ನುವ ಸಂಶೋಧನೆಯಲ್ಲಿ ದೊಡ್ಡ ಹೆಸರು ಮಾಡಿದ್ದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್‌ಸಿಂಕ್. ಅವರ ಹತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡಿವೆ. 2018ರಲ್ಲಿ ಅವರು ರಾಜೀನಾಮೆ ಕೊಟ್ಟರು. ಅದಕ್ಕೂ ಮುಂಚೆ, 2007ರಲ್ಲೇ, ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ತಂಡ ಬೇರೆ ಬೇರೆ ಗಾತ್ರದ ತಟ್ಟೆಗಳಲ್ಲಿ ಜನರಿಗೆ ಊಟ ಕೊಟ್ಟು ನೋಡಿತ್ತು. ತಟ್ಟೆ ಸಣ್ಣದಾದರೂ ಹೊಟ್ಟೆಗೆ ಹೋದದ್ದು ಕಡಿಮೆಯಾಗಲಿಲ್ಲ. ಇದನ್ನೆಲ್ಲ ನನ್ನ ಮುಂದೆ ಇಟ್ಟು "ಸುಮ್ನೆ ದುಡ್ಡು ದಂಡ" ಅಂದರು.

ನನಗೆ ಇಳಿಯಿತು. 86 ಕೆಜಿ ಇದ್ದದ್ದು ಈಗ 79ರ ಆಸುಪಾಸಿನಲ್ಲಿದೆ. ಎಂಟೊಂಬತ್ತು ತಿಂಗಳು ಹಿಡಿದಿರಬೇಕು. ನಿಧಾನ ಅಂತೀರಾ? ಜಿಮ್‌ನಲ್ಲಿ ಬೆವರು ಸುರಿಸಿ ಎರಡು ತಿಂಗಳಲ್ಲಿ ಐದು ಕೆಜಿ ಇಳಿಸಿದ್ದ ನನ್ನ ಗೆಳೆಯನಿಗೆ ಆರು ವಾಪಸ್ ಬಂದಿದೆ. ನನಗೆ ಇಳಿದದ್ದು ಇಳಿದಂತೆಯೇ ಇದೆ.

ಕಾರಣ ಇಷ್ಟೇ. ಸಣ್ಣ ತಟ್ಟೆ ಕಣ್ಣಿಗೆ ಮಂಕುಬೂದಿ ಎರಚುತ್ತದೆ, ಮೆದುಳು ತಾನಾಗಿ ಮೋಸ ಹೋಗುತ್ತದೆ ಅನ್ನುವ ಮಾತನ್ನು ನಾನು ಕೈಬಿಟ್ಟೆ. ಮೆದುಳು ಅಷ್ಟು ದಡ್ಡ ಅಲ್ಲ. ತಟ್ಟೆಯನ್ನು ಅಳತೆಪಾತ್ರೆ ಮಾಡಿಕೊಂಡೆ. ಒಂದು ಊಟಕ್ಕೆ ಒಂದು ತಟ್ಟೆ, ಒಂದೇ ಸಲ.

ಇಲ್ಲಿಗೆ ಬರುವ ಮೊದಲು ಸಾಕಷ್ಟು ದುಡ್ಡು ಹೋಗಿದೆ. ಮೊದಲು ಆರು ತಟ್ಟೆಗಳ ಒಂದು ಸೆಟ್ ತಂದೆ, 7 ಇಂಚಿನದು. ನೋಡಲು ಮುದ್ದಾಗಿತ್ತು. ಅದರಲ್ಲಿ ಅನ್ನ, ತರಕಾರಿ, ಬೇಳೆ ಮೂರೂ ಹಿಡಿಸಬೇಕೆಂದರೆ ಗೋಪುರ ಕಟ್ಟಬೇಕು. ಕಟ್ಟಿದೆ. ಆಮೇಲೆ ಎದ್ದುಹೋಗಿ ಮತ್ತೊಂದು ಸಲ ಹಾಕಿಕೊಂಡೆ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಇಟ್ಟು ನೋಡಿದರೆ ನಗು ಬಂತು. ಹಳೆಯ 11 ಇಂಚಿನ ತಟ್ಟೆಯಲ್ಲಿ ಒಂದು ಹೊತ್ತಿಗೆ ಸುಮಾರು 330 ಗ್ರಾಂ ಅನ್ನ ತಿನ್ನುತ್ತಿದ್ದೆ. ಈ ಮುದ್ದು ತಟ್ಟೆಯಲ್ಲಿ ಎರಡು ಸಲ ಸೇರಿ 350 ದಾಟಿತ್ತು! ರೋಲ್ಸ್ ತಂಡ ಹೇಳಿದ್ದು ನನ್ನ ಅಡುಗೆಮನೆಯಲ್ಲೇ ಕಾಣಿಸಿತು. ಆ ಆರು ತಟ್ಟೆಗಳಲ್ಲಿ ಈಗ ಹಣ್ಣು ಹೆಚ್ಚಿಡುತ್ತೇವೆ.

ಎರಡನೆಯ ದಂಡ, ಗೆರೆ ಹಾಕಿದ ತಟ್ಟೆ. ತರಕಾರಿಗೆ ಇಷ್ಟು, ಅನ್ನಕ್ಕೆ ಇಷ್ಟು ಅಂತ ಬಣ್ಣದ ಗೆರೆ ಹಾಕಿ, ಮಾಮೂಲಿ ತಟ್ಟೆಯ ಐದಾರು ಪಟ್ಟು ಬೆಲೆಗೆ ಮಾರುತ್ತಾರೆ. ಊಟ ಬಡಿಸಿದ ಮೇಲೆ ಗೆರೆ ಕಾಣುವುದೇ ಇಲ್ಲ, ಅಲ್ವಾ? ಗೆರೆಗಳು ಕಂಡದ್ದು ತೊಳೆಯುವಾಗ. ಅರ್ಧ ತರಕಾರಿ, ಕಾಲು ಅನ್ನ ಅಥವಾ ಬ್ರೆಡ್, ಇನ್ನೊಂದು ಕಾಲು ಬೇಳೆ, ಮೊಟ್ಟೆ, ಮಾಂಸ ಅನ್ನುವುದಕ್ಕೆ ಗೆರೆ ಯಾಕೆ ಬೇಕು? ಒಟ್ಟಿನಲ್ಲಿ ತಟ್ಟೆಗಳಿಗೆ ಸುರಿದದ್ದನ್ನು ಲೆಕ್ಕ ಹಾಕಿದರೆ, ಹಿಂದೆ ಹೋಗದೇ ಕಟ್ಟಿದ್ದ ಜಿಮ್ ಹಣದ ಹತ್ತರಲ್ಲಿ ಒಂದು ಪಾಲೂ ಆಗಲಿಕ್ಕಿಲ್ಲ. ಆದರೆ ಕೊನೆಗೆ ಕೆಲಸಕ್ಕೆ ಬಂದದ್ದು ಬಿಡಿಯಾಗಿ ತಂದ ಒಂದೇ ಒಂದು ಅಗ್ಗದ ತಟ್ಟೆ. ಹಾಗಾಗಿ ಸೆಟ್ ತರಬೇಡಿ. ಒಂದು ತಂದು ಒಂದು ತಿಂಗಳು ಉಂಡು ನೋಡಿ.

ಆ ಒಂದನ್ನು ಆರಿಸುವುದರಲ್ಲೇ ಇದೆ ಕೆಲಸ. ಎಲ್ಲರೂ ತಟ್ಟೆಯನ್ನು ಅಂಚಿನಿಂದ ಅಂಚಿಗೆ ಅಳೆಯುತ್ತಾರೆ. ಊಟ ಕೂರುವುದು ಒಳಗಿನ ಚಪ್ಪಟೆ ಜಾಗದಲ್ಲಿ. ಅಂಗಡಿಯಲ್ಲಿ ಎರಡು ತಟ್ಟೆ ಪಕ್ಕಪಕ್ಕ ಇಟ್ಟು ಟೇಪ್ ಹಿಡಿದೆ. ಎರಡೂ 9 ಇಂಚೇ. ಒಂದರ ಒಳಗಿನ ಜಾಗ ಎಂಟರ ಹತ್ತಿರ, ಇನ್ನೊಂದರದು ಆರೂವರೆ. ವರ್ಗದ ಲೆಕ್ಕ ನಿಮಗೆ ಗೊತ್ತು: ಅಗಲ ಸ್ವಲ್ಪ ಇಳಿದರೆ ಜಾಗ ಜಾಸ್ತಿ ಇಳಿಯುತ್ತದೆ. 11ರಿಂದ 9ಕ್ಕೆ ಬಂದರೇ ಮೂರರಲ್ಲಿ ಒಂದು ಪಾಲು ಜಾಗ ಹೋಗುತ್ತದೆ. ಈ ಎರಡು ತಟ್ಟೆಗಳ ಒಳಜಾಗಕ್ಕೂ ಹೆಚ್ಚುಕಡಿಮೆ ಅಷ್ಟೇ ಅಂತರ. ಅಂಗಡಿಯವರು ನನ್ನನ್ನು ಒಂಥರಾ ನೋಡಿದರು. ನೋಡಲಿ ಬಿಡಿ.

ಆಳವನ್ನೂ ನೋಡಬೇಕು. ಮನೆಯಲ್ಲಿ ಇದ್ದ ಸೂಪ್ ತಟ್ಟೆಯೂ 9 ಇಂಚಿನದೇ. ಅದಕ್ಕೆ ಅಂಚು ಶುರುವಾಗುವ ಮಟ್ಟದವರೆಗೆ ನೀರು ಹಾಕಿ, ಆ ನೀರನ್ನು ಅಳತೆ ಲೋಟಕ್ಕೆ ಸುರಿದೆ. ಅರ್ಧ ಲೀಟರ್‌ಗಿಂತ ಮೇಲೆ ಬಂತು. ಹೊಸ ಚಪ್ಪಟೆ ತಟ್ಟೆಗೆ ಹಾಗೇ ಮಾಡಿದರೆ ಅದರ ಅರ್ಧವೂ ಬರಲಿಲ್ಲ. ಬಟ್ಟಲಿನಲ್ಲಿ ಉಣ್ಣುವವರು ಈ ನೀರಿನ ಪರೀಕ್ಷೆ ಮಾಡಲೇಬೇಕು.

ತಟ್ಟೆ ಸಿಕ್ಕ ಮೇಲೆ ಮಾಡಿದ ದೊಡ್ಡ ಬದಲಾವಣೆ ಅಂದರೆ ಪಾತ್ರೆಗಳನ್ನು ಮೇಜಿನ ಮೇಲೆ ತರುವುದು ಬಿಟ್ಟದ್ದು. ಒಲೆಯ ಹತ್ತಿರವೇ ಬಡಿಸಿಕೊಂಡು, ಪಾತ್ರೆ ಮುಚ್ಚಿ, ಉಳಿದದ್ದನ್ನು ಡಬ್ಬಿಗೆ ಹಾಕಿ, ಆಮೇಲೆ ಬಂದು ಕೂರುತ್ತೇನೆ. ಉಂಡ ತಕ್ಷಣ ತಟ್ಟೆ ತೊಳೆದಿಡುತ್ತೇನೆ. ತೊಳೆದ ತಟ್ಟೆಗೆ ಮತ್ತೆ ಬಡಿಸಿಕೊಳ್ಳಲು ಸೋಮಾರಿತನ ಅಡ್ಡ ಬರುತ್ತದೆ. ನನ್ನ ಸೋಮಾರಿತನ ನನಗೆ ಉಪಯೋಗಕ್ಕೆ ಬಂದದ್ದು ಇದೊಂದೇ ಸಲ. ಹಸಿವು ಇನ್ನೂ ಇದ್ದರೆ ತರಕಾರಿ ಮಾತ್ರ ಮತ್ತೆ ಹಾಕಿಕೊಳ್ಳಬಹುದು ಅಂತ ಒಂದು ಕಿಟಕಿ ತೆರೆದಿಟ್ಟಿದ್ದೆ. ಮೊದಲ ಎರಡು ಮೂರು ವಾರ ಆ ಕಿಟಕಿ ದಿನಾ ಬೇಕಾಯಿತು. ಆಮೇಲೆ ನೆನಪೂ ಆಗಲಿಲ್ಲ.

ಈಗ ಅನ್ನ 240 ಗ್ರಾಂ ಸುತ್ತಮುತ್ತ ನಿಂತಿದೆ. ಬೇಯಿಸಿದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲೊರಿ. ಎರಡು ಹೊತ್ತಿಗೆ ಸೇರಿ ದಿನಕ್ಕೆ ಇನ್ನೂರು ಚಿಲ್ಲರೆ ಉಳಿಯುತ್ತದೆ. ತಿಂಗಳಿಗೆ ಮುಕ್ಕಾಲು ಕೆಜಿಗಿಂತ ತುಸು ಹೆಚ್ಚು ಇಳಿಯುವ ಲೆಕ್ಕ ಅದು. ನನ್ನ ತೂಕದ ಪಟ್ಟಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ.

ನಡುವೆ ಕೆಲವು ತಲೆಹರಟೆ ಪ್ರಯೋಗಗಳನ್ನೂ ಮಾಡಿದೆ. ಊಟದ ಬಣ್ಣಕ್ಕೂ ತಟ್ಟೆಯ ಬಣ್ಣಕ್ಕೂ ವ್ಯತ್ಯಾಸ ಇದ್ದರೆ ಕಡಿಮೆ ಬಡಿಸಿಕೊಳ್ಳುತ್ತೇವೆ ಅನ್ನುತ್ತಾರೆ. ಕಡುನೀಲಿ ತಟ್ಟೆಯಲ್ಲಿ ಬಿಳಿ ಅನ್ನ ಹಾಕಿ ತೂಗಿ ನೋಡಿದೆ. ಹತ್ತಿಪ್ಪತ್ತು ಗ್ರಾಂ ಆಕಡೆ ಈಕಡೆ, ಅಷ್ಟೇ. ಬಿಟ್ಟೆ. ಚಿಕ್ಕ ಚಮಚದಲ್ಲಿ ತಿಂದೆ. ಊಟ ನಿಧಾನವಾಯಿತು, ಜೊತೆಗೆ ತಣ್ಣಗೂ ಆಯಿತು. ಎಡಗೈಯಲ್ಲಿ ತಿಂದದ್ದಂತೂ ಬಟ್ಟೆ ಒಗೆಯುವವರಿಗೆ ಕೊಟ್ಟ ಶಿಕ್ಷೆ.

ಈ ಎಲ್ಲದರಲ್ಲಿ ಗೆದ್ದದ್ದು ಸೌಟು. ದೊಡ್ಡ ಸೌಟಿನಲ್ಲಿ ಒಂದು ಸಲ ಮೊಗೆದರೆ ನೂರರ ಮೇಲೆ ಗ್ರಾಂ ಬೀಳುತ್ತದೆ. "ಇನ್ನು ಸ್ವಲ್ಪ" ಅಂದರೂ ಇನ್ನೊಂದು ನೂರು. ಅದನ್ನು ಒಳಗಿಟ್ಟು ಸಣ್ಣದನ್ನು ಹೊರಗೆ ತೆಗೆದೆ. ಈಗ "ಇನ್ನು ಸ್ವಲ್ಪ" ಅಂದರೆ ನಲವತ್ತು. ತಟ್ಟೆ ಬದಲಿಸಲು ಮನೆಯವರು ಒಪ್ಪದಿದ್ದರೆ ಸೌಟನ್ನಾದರೂ ಬದಲಿಸಿ. ಯಾರಿಗೂ ಗೊತ್ತೂ ಆಗುವುದಿಲ್ಲ.

ಎಣ್ಣೆಯ ವಿಷಯದಲ್ಲಿ ತಟ್ಟೆಯನ್ನು ನಂಬಬೇಡಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ, ಅದು ತಟ್ಟೆಯಲ್ಲಿ ಜಾಗವನ್ನೇ ಹಿಡಿಯುವುದಿಲ್ಲ. ತರಕಾರಿ ಮಿರಿಮಿರಿ ಮಿಂಚುತ್ತಿದ್ದರೆ ಬಿಟ್ಟ ಅನ್ನವೆಲ್ಲ ಆ ಮಿಂಚಿನಲ್ಲಿ ವಾಪಸ್ ಬಂತು ಅಂತಲೇ ಲೆಕ್ಕ. ಊಟವಾದ ಮೇಲೆ ಬಾಯಾಡಿಸುವ ಬೀಜಗಳೂ ಹಾಗೇ. ಒಂದು ಹಿಡಿ ಬಾದಾಮಿ ಅಂದರೆ 30 ಗ್ರಾಂ, 170ರಿಂದ 180 ಕ್ಯಾಲೊರಿ. ಮೂರನೆಯ ತಿಂಗಳಲ್ಲಿ ತೂಕ ಅಲುಗಾಡದೆ ಕೂತಿದ್ದಕ್ಕೆ ಈ ಹಿಡಿಯೇ ಕಾರಣ. ಈಗ ಬೀಜಗಳೂ ತಟ್ಟೆಯ ಮೇಲೇ ಬರಬೇಕು, ಊಟದ ಜೊತೆಗೇ.

81ರ ಹತ್ತಿರ ಮತ್ತೊಮ್ಮೆ ನಿಂತಿತು. ದೇಹ ಹಗುರಾದಂತೆ ಅದು ಖರ್ಚು ಮಾಡುವ ಕ್ಯಾಲೊರಿಯೂ ಕಡಿಮೆಯಾಗುತ್ತದೆ, ನಿಲ್ಲುವುದು ಸಹಜ. 8 ಇಂಚಿಗೆ ಇಳಿಯಿರಿ ಅಂದವರೂ ಇದ್ದರು. ನಾನು ಇಳಿಯಲಿಲ್ಲ, ಯಾಕೆಂದರೆ ಮತ್ತೆ ಗೋಪುರ ಶುರುವಾಗುತ್ತದೆ. ಬಡಿಸುವ ಕ್ರಮದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದೆ, ಅದು ಕೆಲಸ ಮಾಡಿತು. ಏನು ಅಂತ ಮಾತ್ರ ಕೇಳಬೇಡಿ. ಎಲ್ಲವನ್ನೂ ಹೇಳಿಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತದೆ?

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಒಂದೇ ಸಲ ಅನ್ನ ಇಳಿಸಬೇಡಿ. ಸಕ್ಕರೆ ಅಂಶ ದಿಢೀರನೆ ಕೆಳಗಿಳಿಯಬಹುದು. ಡಾಕ್ಟರನ್ನು ಕೇಳಿ ಔಷಧಿಯ ಪ್ರಮಾಣ ನೋಡಿಕೊಂಡೇ ಶುರು ಮಾಡಿ.

ನನಗೆ ಇನ್ನೂ ಹಿಡಿತ ಸಿಗದಿರುವುದು ಹೊರಗಿನ ಊಟ. ಬಫೆಯಲ್ಲಿ ಹಣ್ಣು, ಸಲಾಡ್‌ಗೆ ಇಟ್ಟಿರುವ ಸಣ್ಣ ತಟ್ಟೆ ಎತ್ತಿಕೊಳ್ಳುತ್ತೇನೆ. ಒಂದೇ ಸುತ್ತು ಅಂತ ಮನಸ್ಸಿನಲ್ಲಿ ಅಂದುಕೊಂಡೇ ಹೋಗುತ್ತೇನೆ. ಆದರೆ ದುಡ್ಡು ಕೊಟ್ಟಾಗಿದೆ, ಪಾತ್ರೆಗಳು ಎದುರಿಗೇ ತೆರೆದಿವೆ. ಹತ್ತರಲ್ಲಿ ಆರು ಸಲ ಒಂದೇ ಸುತ್ತಿಗೆ ಎದ್ದು ಬಂದಿದ್ದೇನೆ ಅನ್ನಬಹುದು. ಸದ್ಯಕ್ಕೆ ಪಾತ್ರೆಗಳಿಗೆ ಬೆನ್ನು ಹಾಕಿ, ಆದಷ್ಟು ದೂರದ ಮೇಜಿನಲ್ಲಿ ಕೂರುವುದನ್ನು ಪರೀಕ್ಷೆ ಮಾಡುತ್ತಿದ್ದೇನೆ.